ಗೆಳೆಯರ ಜೊತೆ ಒಂದು ದಿನ ದೋಣಿಯಲ್ಲಿ ಸುತ್ತಾಡಲು ಕೇರಳಕ್ಕೇ ಹೋಗಬೇಕಾ?

ಕರ್ನಾಟಕದಲ್ಲಿ ಅಂಥ ಹಿನ್ನೀರು ಇಲ್ವಾ ಅಂತಲೂ ಕೇಳಿದ್ದೀರಿ. ಇದೆ, ಆದರೆ ಅದನ್ನು ಹಿನ್ನೀರು ಅನ್ನಬೇಡಿ. ನಮ್ಮಲ್ಲಿ ಹಿನ್ನೀರು ಅಂದರೆ ಅಣೆಕಟ್ಟಿನ ಹಿಂದೆ ನಿಂತ ನೀರು. ನಾನು ಹೇಳುತ್ತಿರುವುದು ಅಘನಾಶಿನಿ ಅಳಿವೆ, ಅಂದರೆ ಆ ಹೆಸರಿನ ನದಿ ಸಮುದ್ರ ಸೇರುವ ಜಾಗ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ಈ ನದಿಗೆ ಎಲ್ಲೂ ಅಣೆಕಟ್ಟಿಲ್ಲ. ಅಳಿವೆಯಲ್ಲಿ ನೀರು ನಿಲ್ಲುವುದೂ ಇಲ್ಲ. ಸಮುದ್ರ ದಿನಕ್ಕೆರಡು ಸಲ ಒಳಗೆ ಬರುತ್ತದೆ, ಎರಡು ಸಲ ವಾಪಸ್ ಹೋಗುತ್ತದೆ. ಈ ಎರಡನೇ ಭಾಗವನ್ನು ನಾವು ಮರೆತಿದ್ದೆವು.

ಜನವರಿ ಹುಣ್ಣಿಮೆಗೆ ಐದು ಜನ ಹೋಗಿದ್ದೆವು. ರಾತ್ರಿ ಬೆಂಗಳೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಕುಮಟಾದಲ್ಲಿ ಇಳಿದು, ಆಟೊದಲ್ಲಿ ಅಘನಾಶಿನಿ ಊರಿಗೆ ಹೋದೆವು. ನದಿಯ ಹೆಸರೇ ಊರಿಗೂ. ಅಲ್ಲಿಂದ ಆಚೆ ದಡದ ತದಡಿಗೆ ದಾಟಿದೆವು. ತದಡಿ ಮೀನುಗಾರಿಕೆ ಬಂದರು, ಒಣಮೀನಿನ ವಾಸನೆ ದೂರದಿಂದಲೇ ಬರುತ್ತದೆ. ಅಲ್ಲೊಬ್ಬರ ಫೈಬರ್ ದೋಣಿಯನ್ನು ದಿನದ ಬಾಡಿಗೆಗೆ ಮಾತಾಡಿಕೊಂಡೆವು. ಹೊರಡುವಾಗಲೇ ಅವರು ಹೇಳಿದ್ದರು, "ಎರಡು ಗಂಟೆಗೆ ತಿರುಗಿ ಹೊರಡಬೇಕು, ತಡ ಮಾಡಬೇಡಿ." ನಾವು ಹೂಂ ಅಂದೆವು. ಸುಮ್ನೆ ಅಂದದ್ದು.

ಒಂಬತ್ತೂವರೆಗೆ ಹೊರಟಾಗ ನೀರು ಏರುತ್ತಿತ್ತು. ದೋಣಿಯನ್ನು ಸಮುದ್ರವೇ ಒಳಗೆ ತಳ್ಳಿಕೊಂಡು ಹೋಗುತ್ತಿತ್ತು. ಎರಡೂ ಕಡೆ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳು. ಒಂದು ಸಣ್ಣ ಕವಲಿನೊಳಗೆ ನುಗ್ಗಿ ದೋಣಿಯವರು ಇಂಜಿನ್ ನಿಲ್ಲಿಸಿದರು. ಕೊಂಬೆಗಳಿಂದ ನುಗ್ಗೆಕಾಯಿಯ ತುಂಡಿನ ಹಾಗೆ ಏನೋ ಜೋತಾಡುತ್ತಿತ್ತು. ಕಾಯಿ ಅಂದುಕೊಂಡರೆ ಅಲ್ಲ, ಅದು ಸಸಿ. ಬೀಜ ಮರದಲ್ಲೇ ಮೊಳೆತು ಉದ್ದವಾಗಿ, ಆಮೇಲೆ ಕೆಳಗೆ ಬೀಳುತ್ತದೆ. ನೀರು ಇಳಿದಿದ್ದರೆ ಕೆಸರಿಗೆ ನೆಟ್ಟಗೆ ಚುಚ್ಚಿಕೊಂಡು ಬೇರು ಬಿಡುತ್ತದೆ, ಏರಿದ್ದರೆ ತೇಲಿಕೊಂಡು ಹೋಗಿ ಬೇರೆ ಎಲ್ಲೋ ಊರುತ್ತದೆ. ಹಾಗೆ ಬಿದ್ದ ಒಂದನ್ನು ಎತ್ತಿಕೊಂಡೆ. ತುದಿ ಪೆನ್ಸಿಲ್ ಹೆರೆದಂತೆ ಚೂಪಾಗಿತ್ತು.

ಮುಂದೆ ಕುರ್ವೆಗಳು ಬಂದವು. ನದಿ ನಡುವಿನ ನಡುಗಡ್ಡೆಗೆ ಅಲ್ಲಿ ಕುರ್ವೆ ಅನ್ನುತ್ತಾರೆ. ಅಲ್ಲಿಂದಾಚೆ ಗಜನಿ ಗದ್ದೆಗಳು, ಅಂದರೆ ಉಪ್ಪುನೀರು ನುಗ್ಗದಂತೆ ಕಟ್ಟೆ ಹಾಕಿ ಮಾಡಿದ ಗದ್ದೆಗಳು. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪಿಗೂ ನೆರೆಗೂ ಜಗ್ಗದ ತಳಿ ಅದು, ಗೊಬ್ಬರ ಹಾಕುವುದಿಲ್ಲ. ಕೊಯ್ಲಾದ ಮೇಲೆ ಗೇಟಿನ ಹಲಗೆ ಎತ್ತಿ ನದಿ ನೀರನ್ನು ಒಳಗೆ ಬಿಟ್ಟುಕೊಂಡು ಮೀನು, ಶೆಟ್ಲಿ ಹಿಡಿಯುತ್ತಾರೆ. ಶೆಟ್ಲಿ ಅಂದರೆ ಸಿಗಡಿ. ಮಧ್ಯಾಹ್ನ ನಮಗೆ ಊಟಕ್ಕೂ ಅದೇ ಸಿಕ್ಕಿತು, ಒಬ್ಬನಿಗಂತೂ ಜಾಸ್ತಿಯೇ ಆಯಿತು.

ತಡವಾದದ್ದು ಮಿರ್ಜಾನ್ ಕೋಟೆಯಲ್ಲಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಕೊಂಡಿರುವ ಜಂಬಿಟ್ಟಿಗೆ ಕೋಟೆ ಅದು. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಅಂತ ಕರೆದಿದ್ದರು. ಕೋಟೆ ಚೆನ್ನಾಗಿದೆ, ಆದರೆ ಅದನ್ನು ನೋಡಬೇಕಾದ್ದು ಮಳೆಗಾಲದಲ್ಲಿ, ಗೋಡೆಯೆಲ್ಲ ಹಸಿರಾಗಿದ್ದಾಗ. ನಮ್ಮ ಫೋಟೋ ಪ್ರವೀಣನಿಗೆ ಇದು ಅರ್ಥವಾಗಲಿಲ್ಲ. ದೋಣಿ ಹತ್ತುವಾಗ ಮೂರೂವರೆ.

ಅರ್ಧ ಗಂಟೆ ಬಂದಿರಬಹುದು, ದೋಣಿಯ ತಳ ಸರ್ ಅಂತ ಉಜ್ಜಿ ನಿಂತಿತು. ನಾಲ್ವರು ಇಳಿದು ತಳ್ಳಿದೆವು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ದೋಣಿಯವರು ಬೈಯಲಿಲ್ಲ. ಎಲೆಯಡಿಕೆ ಸಂಚಿ ಬಿಚ್ಚಿಕೊಂಡು ಕೂತು, "ಈಗ ಎಂತ ಮಾಡುಕೂ ಆಗುದಿಲ್ಲ, ಭರತ ಬರಬೇಕು" ಅಂದರು. ಭರತ ಅಂದರೆ ಉಬ್ಬರ. ಬೈದಿದ್ದರೇ ವಾಸಿಯಿತ್ತು. ಬೆಳಿಗ್ಗೆ ಕೆರೆಯಂತೆ ತುಂಬಿದ್ದ ಜಾಗ ಈಗ ಮೈಲಿಗಟ್ಟಲೆ ಕೆಸರು. ಬಳ್ಳಾರಿಯ ಗೆಳೆಯ ಅದನ್ನೇ ನೋಡುತ್ತ, "ನೀರೆಲ್ಲ ಎಲ್ಲಿ ಹೋತಲೇ?" ಅಂದ.

ನಮಗೆ ಸಿಕ್ಕಿಬಿದ್ದ ಹೊತ್ತು, ಅಲ್ಲಿನವರಿಗೆ ಕೆಲಸದ ಹೊತ್ತು. ಎಲ್ಲಿಂದಲೋ ಹೆಂಗಸರು, ಗಂಡಸರು ಬಂದು ಬಳಚು ಹೆಕ್ಕಲು ಶುರು ಮಾಡಿದರು. ಬಳಚು ಅಂದರೆ ಕೆಸರಿನಲ್ಲಿರುವ ಚಿಪ್ಪುಜೀವಿ, ಚಿಪ್ಪಿನೊಳಗಿನ ಅದರ ಮಾಂಸವನ್ನು ಜನ ತಿನ್ನುತ್ತಾರೆ. ಈ ಅಳಿವೆಯಲ್ಲಿ ಎಷ್ಟೋ ಮನೆಗಳು ಅದರ ಮೇಲೇ ನಡೆಯುತ್ತವೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅದರ ತುದಿಗೆ ಒಂದು ಅಲ್ಯೂಮಿನಿಯಂ ಪಾತ್ರೆಯನ್ನು ಉಳಿದಿದ್ದ ನೀರಿನಲ್ಲಿ ತೇಲಿಬಿಟ್ಟಿದ್ದರು. ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಲಲ್ಲಿ ಕೆಸರು ತಡಕುತ್ತಾರೆ, ಗಟ್ಟಿ ಸಿಕ್ಕಿದಲ್ಲಿ ಬಗ್ಗಿ ಕೈ ಹಾಕುತ್ತಾರೆ, ಪಾತ್ರೆಯಲ್ಲಿ ಠಣ್ ಅನ್ನುತ್ತದೆ. ನಮ್ಮವನೊಬ್ಬ ನಾನೂ ಹೆಕ್ಕುತ್ತೇನೆ ಅಂತ ಹೋಗಿ ಮೊಣಕಾಲವರೆಗೆ ಹೂತುಹೋದ. ಒಬ್ಬ ಅಕ್ಕ ನಗುತ್ತಲೇ ಕೈಕೊಟ್ಟು ಎಳೆದರು. ಅವನ ಎಡಗಾಲಿನ ಚಪ್ಪಲಿ ಈಗಲೂ ಅಲ್ಲೇ ಇದೆ.

ದೋಣಿಯ ಪಕ್ಕದ ಸಣ್ಣ ಕಾಲುವೆಯಲ್ಲಿ ಒಂದು ತೆಂಗಿನ ಸಿಪ್ಪೆ ಸಮುದ್ರದ ಕಡೆ ತೇಲುತ್ತಿತ್ತು. ಐದೂವರೆ ಹೊತ್ತಿಗೆ ನೋಡಿದರೆ ಅದು ನಿಂತಿದೆ. ಸ್ವಲ್ಪ ಹೊತ್ತು ಇದ್ದಲ್ಲೇ ತಿರುಗಿತು. ಆಮೇಲೆ ನಿಧಾನವಾಗಿ ಬಂದ ದಾರಿಗೇ ವಾಪಸ್ ಹೊರಟಿತು. ದೋಣಿಯವರು ಎಲೆಯಡಿಕೆ ಉಗಿದು ಎದ್ದರು. ನಮ್ಮ ದೋಣಿ ಎದ್ದದ್ದು ಮತ್ತೂ ಒಂದು ಗಂಟೆ ಬಿಟ್ಟು. ಅಷ್ಟರಲ್ಲಿ ಸೂರ್ಯ ಮುಳುಗಿ, ಹಿಂದೆ ಘಟ್ಟದ ಮೇಲೆ ಚಂದ್ರ ಬಂದಿದ್ದ. ತದಡಿ ಮುಟ್ಟುವವರೆಗೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಹೋಗುವುದಾದರೆ ಹೋಟೆಲ್‌ಗಿಂತ ಮೊದಲು ಉಬ್ಬರ-ಇಳಿತದ ಸಮಯ ನೋಡಿ. ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ತುಂಬಾ ಏರುತ್ತದೆ, ಅಷ್ಟೇ ಇಳಿಯುತ್ತದೆ. ಏರುವಾಗ ಒಳಗೆ ಹೋಗಿ, ಇಳಿತದ ಶುರುವಿನಲ್ಲೇ ಹೊರಟುಬಿಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ, ಮಳೆಗಾಲದಲ್ಲಿ ಬೇಡವೇ ಬೇಡ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಟೋಪಿ, ನೀರು ಇರಲಿ. ದೋಣಿಯಲ್ಲಿ ಶೌಚಾಲಯ ಇರುವುದಿಲ್ಲ, ಮೊದಲೇ ಯೋಚಿಸಿಕೊಳ್ಳಿ. ಮಲಗುವ ಕೋಣೆಯಿರುವ ಹೌಸ್‌ಬೋಟೇ ಬೇಕಿದ್ದರೆ ಅಲೆಪ್ಪಿಗೇ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ, ಕಾಂಡ್ಲಾ ಕವಲುಗಳಲ್ಲಿ ಪ್ಲಾಸ್ಟಿಕ್ ಬಿಸಾಡುವ ಗೆಳೆಯರಿದ್ದರೆ ಅವರನ್ನು ಮನೆಯಲ್ಲೇ ಬಿಡಿ.

ವಾಪಸ್ ಬರುವಾಗ ಸಮಯವಿದ್ದರೆ ಸಾಣಿಕಟ್ಟಾದ ಉಪ್ಪಿನಾಗರಗಳನ್ನೂ ನೋಡಿ. ಅಲ್ಲಿನ ಉಪ್ಪು ನಸುಗೆಂಪು. ನಮ್ಮಮ್ಮ ಈಗ ಉಪ್ಪಿನಕಾಯಿಗೆ ಬೇರೆ ಉಪ್ಪು ಮುಟ್ಟುವುದಿಲ್ಲ.