ಎಚ್‌ಐವಿಗೆ ಒಂದು ಮಾತ್ರೆಯನ್ನೂ ನುಂಗದವರಲ್ಲಿ ಔಷಧ ನಿರೋಧಕತೆ ಎಲ್ಲಿಂದ ಬರುತ್ತದೆ? ಅದನ್ನು ಪತ್ತೆ ಮಾಡುವುದು ಹೇಗೆ?

ಅದು ಸೋಂಕಿನ ಜೊತೆಗೇ ಬರುತ್ತದೆ. ಚಿಕಿತ್ಸೆಯಲ್ಲಿದ್ದ ಯಾರದೋ ದೇಹದಲ್ಲಿ ಔಷಧಕ್ಕೆ ಬಗ್ಗದಂತೆ ಬದಲಾದ ವೈರಸ್ ಇನ್ನೊಬ್ಬರಿಗೆ ದಾಟಿದರೆ, ಅಲ್ಲಿ ಅದು ಮೊದಲ ದಿನದಿಂದಲೇ ನಿರೋಧಕ. (ನಿರೋಧಕವಾಗುವುದು ವೈರಸ್, ರೋಗಿಯಲ್ಲ, ಈ ಗೊಂದಲ ಅನೇಕರಲ್ಲಿದೆ.) ಪತ್ತೆ ಮಾಡಲು ರಕ್ತದಲ್ಲಿನ ವೈರಸ್‌ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಪರಿವರ್ತಿಸಿ, ಪಿಸಿಆರ್ ಮೂಲಕ ಅದರ ಪ್ರತಿಗಳನ್ನು ಹೆಚ್ಚಿಸಿ, ಔಷಧಗಳು ಗುರಿಯಿಡುವ ಕಿಣ್ವಗಳ ಜೀನ್ ಭಾಗವನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ.

ಒಂದೇ ಅಕ್ಷರ ಬದಲಾದರೂ ಸಾಕು. ವೈರಸ್ ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ನಕಲು ತೆಗೆಯಲು ಬಳಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದ 103ನೇ ಸ್ಥಾನವನ್ನೇ ನೋಡಿ. ಅಲ್ಲಿನ ‘ಎಎಎ’ ಎಂಬ ಸಂಕೇತ ‘ಎಎಸಿ’ ಆದರೆ ಲೈಸಿನ್ ಎಂಬ ಅಮೈನೊ ಆಮ್ಲದ ಜಾಗದಲ್ಲಿ ಆಸ್ಪರಜಿನ್ ಬಂದು ಕೂರುತ್ತದೆ. ಅಷ್ಟಕ್ಕೇ ಎಫಾವಿರೆಂಜ್, ನೆವಿರಪಿನ್ ಎಂಬ ಎಚ್‌ಐವಿ ಔಷಧಗಳೆರಡೂ ಕೈಕೊಡುತ್ತವೆ.

ಪರೀಕ್ಷೆ ರೋಗ ಪತ್ತೆಯಾದ ಕೂಡಲೇ ಆಗಬೇಕು. 103ರ ಬದಲಾವಣೆಯಿಂದ ವೈರಸ್‌ಗೆ ಹೆಚ್ಚು ನಷ್ಟವಿಲ್ಲ, ಹಾಗಾಗಿ ಅದು ವರ್ಷಗಟ್ಟಲೆ ಉಳಿಯಬಹುದು. ಆದರೆ ಅದೇ ಕಿಣ್ವದ 184ನೇ ಸ್ಥಾನದ ಒಂದು ಬದಲಾವಣೆ ವೈರಸ್ಸನ್ನೇ ದುರ್ಬಲಗೊಳಿಸುತ್ತದೆ. ಔಷಧದ ಒತ್ತಡವಿಲ್ಲದಾಗ ಮೂಲ ರೂಪಕ್ಕೆ ಮರಳಿದ ವೈರಸ್ ಮೇಲುಗೈ ಸಾಧಿಸಿ, ನಿರೋಧಕ ತಳಿ ಅಲ್ಪಸಂಖ್ಯೆಗೆ ಇಳಿಯುತ್ತದೆ. ಒಟ್ಟು ವೈರಸ್‌ನ ಸುಮಾರು ಶೇಕಡ 20ಕ್ಕಿಂತ ಕಡಿಮೆಯಿರುವ ತಳಿಗಳು ಜೀನ್ ಓದುವ ಸಾಮಾನ್ಯ ಸ್ಯಾಂಗರ್ ವಿಧಾನದ ಕಣ್ಣಿಗೆ ಬೀಳುವುದು ಕಷ್ಟ. ಹೊಸ ಪೀಳಿಗೆಯ ಸೀಕ್ವೆನ್ಸಿಂಗ್ (ಜೀನ್ ಓದುವ ಹೊಸ ವಿಧಾನ) ಇನ್ನೂ ಕಡಿಮೆ ಪ್ರಮಾಣವನ್ನು ಹಿಡಿಯುತ್ತದೆ. ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಆ ತಳಿ ಅಳಿದಿದೆ ಎಂದಲ್ಲ. ಸುಪ್ತ ಜೀವಕೋಶಗಳಲ್ಲಿ ಅಡಗಿದ್ದು, ತಾನು ಬಗ್ಗದ ಔಷಧವನ್ನೇ ಕೊಟ್ಟಾಗ ಮತ್ತೆ ತಲೆ ಎತ್ತಬಹುದು.