ಸಂಪಾದಕರ ಉತ್ತರ: ಕೈಸೇರದ ಕಾಗದ

ಮಾನ್ಯರೇ,

ನಿಮ್ಮ ದೀರ್ಘ ಪತ್ರ ತಲುಪಿತು. ಇಟಲಿಯ ಲೀನಾ ವರ್ಟ್‌ಮುಲ್ಲರ್ 1974ರಲ್ಲಿ ಮಾಡಿದ 'ಸ್ವೆಪ್ಟ್ ಅವೇ' ಚಿತ್ರವು 2002ರಲ್ಲಿ ಇಂಗ್ಲಿಷಿನಲ್ಲಿ ಮರುನಿರ್ಮಾಣಗೊಂಡು ಸೋತದ್ದನ್ನು ಕಳೆದ ಸಂಚಿಕೆಯ ರೀಮೇಕ್ ಲೇಖನದಲ್ಲಿ 'ನಾಯಕಿಗೆ ನಟನೆ ಬಾರದು' ಎಂಬ ಒಂದೇ ಸಾಲಿನಲ್ಲಿ ಮುಗಿಸಿದ್ದು ನಿಮಗೆ ಸರಿಬಂದಿಲ್ಲ. ಹೆಣ್ಣಿಗೆ ಹೊಡೆದು ಪ್ರೀತಿ ಗಳಿಸುವ ಮೂಲಕಥೆಯನ್ನು ಮೇರುಕೃತಿಯೆಂದು ಕರೆದದ್ದಕ್ಕೂ ನಿಮ್ಮ ಆಕ್ಷೇಪವಿದೆ. ನೇತ್ರಾಣಿಯಂಥ ದ್ವೀಪ ನಮ್ಮ ಕರಾವಳಿಯಲ್ಲೇ ಇರುವಾಗ ಇದನ್ನು ಕನ್ನಡದಲ್ಲಿ ಯಾರಾದರೂ ಮಾಡಿದರೆ ತಪ್ಪೇನು ಎಂದೂ ಕೇಳಿದ್ದೀರಿ. ಮೊದಲನೆಯದನ್ನು ತಕರಾರಿಲ್ಲದೆ ಒಪ್ಪುತ್ತೇನೆ. ಆ ಸಾಲನ್ನು ತಿದ್ದದೆ ಅಚ್ಚಿಗೆ ಬಿಟ್ಟವನು ನಾನೇ.

ಆ ಸೋಲು ದೊಡ್ಡದೇ. ಸುಮಾರು ಒಂದು ಕೋಟಿ ಡಾಲರ್ ಖರ್ಚಿನ ಚಿತ್ರ ಅಮೆರಿಕದಲ್ಲಿ ಆರು ಲಕ್ಷ ಡಾಲರನ್ನೂ ಗಳಿಸಲಿಲ್ಲ, ಬ್ರಿಟನ್ನಿನಲ್ಲಿ ಚಿತ್ರಮಂದಿರವನ್ನೇ ಕಾಣದೆ ನೇರವಾಗಿ ವಿಡಿಯೋ ಅಂಗಡಿಗೆ ಹೋಯಿತು, ಕಳಪೆ ಚಿತ್ರಗಳಿಗೆಂದೇ ಇರುವ ಗೋಲ್ಡನ್ ರಾಸ್ಪ್‌ಬೆರಿ 'ಪ್ರಶಸ್ತಿ'ಗಳಲ್ಲಿ ಐದನ್ನು ಬಾಚಿಕೊಂಡಿತು. ನಿರ್ದೇಶಕ ಗೈ ರಿಚಿ, ನಾಯಕಿ ಆಗ ಅವರ ಪತ್ನಿಯಾಗಿದ್ದ ಮಡೋನಾ. ನಕ್ಕವರೆಲ್ಲ ಆಕೆಯನ್ನು ನೋಡಿಯೇ ನಕ್ಕರು. ನಮ್ಮ ಲೇಖಕರೂ ಆ ನಗುವಿನಲ್ಲಿ ಸೇರಿಕೊಂಡರು. ಆದರೆ ಆ ಪಾತ್ರಕ್ಕೆ ಬೇರೆ ಯಾವ ಸಮರ್ಥ ನಟಿಯನ್ನು ತಂದಿದ್ದರೂ ಚಿತ್ರ ಉಳಿಯುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಏಕೆಂದರೆ ಅದು ಕೆಟ್ಟದ್ದು ಚಿತ್ರಕಥೆಯ ಕೊನೆಯ ಪುಟಗಳಲ್ಲಿ.

ಮೂಲಚಿತ್ರವನ್ನು ನೋಡದ ಓದುಗರಿಗಾಗಿ ಒಂದಿಷ್ಟು ಹೇಳುತ್ತೇನೆ. ಉತ್ತರ ಇಟಲಿಯ ಸಿರಿವಂತೆ ರಫಾಯೆಲ್ಲಾ ಗೆಳೆಯರೊಂದಿಗೆ ವಿಹಾರನೌಕೆಯಲ್ಲಿ ಮೆಡಿಟರೇನಿಯನ್ ಸುತ್ತುತ್ತಿರುತ್ತಾಳೆ. ಅದೇ ನೌಕೆಯಲ್ಲಿ ಸಿಸಿಲಿಯ ಜೆನ್ನರೀನೋ ಖಲಾಸಿ, ಕಮ್ಯುನಿಸ್ಟ್. ಪಾಸ್ತಾ ಹೆಚ್ಚು ಬೆಂದಿದೆ, ಕಾಫಿಯನ್ನು ಮತ್ತೆ ಕಾಯಿಸಿ ತಂದಿದ್ದಾನೆ, ಅಂಗಿ ಬೆವರು ನಾರುತ್ತಿದೆ ಎಂದು ಅವಳು ಅವನನ್ನು ದಿನವಿಡೀ ಗೋಳುಹೊಯ್ದುಕೊಳ್ಳುತ್ತಾಳೆ. ಒಂದು ಸಂಜೆ ಅವಳ ಹಟಕ್ಕೆ ಹೊರಟ ರಬ್ಬರ್ ದೋಣಿಯ ಎಂಜಿನ್ ಕೆಟ್ಟು ಇಬ್ಬರೂ ನಿರ್ಜನ ದ್ವೀಪ ಸೇರುತ್ತಾರೆ. ಅಲ್ಲಿ ಮೀನು ಹಿಡಿಯಲು, ಬೆಂಕಿ ಹೊತ್ತಿಸಲು ಬಲ್ಲವನು ಅವನೊಬ್ಬನೇ. ಒಂದು ತುತ್ತು ಬೇಕಾದರೆ ಅವಳು ಅವನ ಬಟ್ಟೆ ಒಗೆಯಬೇಕು, ಅವನನ್ನು ಒಡೆಯ ಎನ್ನಬೇಕು. ಹೀಗೆ ತಲೆಕೆಳಗಾದ ಸಂಬಂಧ ಪ್ರೇಮವಾಗಿ ಬಲಿಯುವುದು, ಕೊನೆಗೆ ಊರು ಸೇರಿದ ಮೇಲೆ ಮುರಿದುಬೀಳುವುದು ಕಥೆ.

ಇದು ಆ ಕಾಲದ ಇಟಲಿಯಲ್ಲಿ ಬೇರುಬಿಟ್ಟ ಕಥೆ. ವಿಚ್ಛೇದನದ ಕಾನೂನನ್ನು ರದ್ದುಮಾಡಬೇಕೇ ಎಂದು 1974ರ ಮೇ ತಿಂಗಳಲ್ಲಿ ಅಲ್ಲಿ ಜನಮತಗಣನೆ ನಡೆದು, ಶೇ. 59ರಷ್ಟು ಮತದಾರರು ಬೇಡವೆಂದಿದ್ದರು. ಹಿಂದಿನ ವರ್ಷದ ತೈಲ ಬಿಕ್ಕಟ್ಟಿನ ಬಿಸಿ ಆರಿರಲಿಲ್ಲ. ಕಮ್ಯುನಿಸ್ಟ್ ಪಕ್ಷ ಬೆಳೆಯುತ್ತಲೇ ಇತ್ತು. 1976ರ ಚುನಾವಣೆಯಲ್ಲಿ ಅದಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಮತ ಬಂತು. ದಕ್ಷಿಣದವರನ್ನು ಮಣ್ಣುಹೊರುವವರೆಂದು ಹೀಗಳೆಯುವ ಬೈಗುಳವೊಂದು ಉತ್ತರದವರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ನೌಕೆಯ ಮೇಲೆ ರಫಾಯೆಲ್ಲಾ ಆಡುವ ಉದ್ದುದ್ದ ಮಾತುಗಳು, ಜೆನ್ನರೀನೋ ಹಲ್ಲುಕಚ್ಚಿ ಗೊಣಗುವ ಸಿಸಿಲಿಯ ನುಡಿ, ಇವೆರಡರ ತಿಕ್ಕಾಟದಲ್ಲೇ ಚಿತ್ರದ ಮೊದಲ ಭಾಗ ಸಾಗುತ್ತದೆ. ಮೂಲಚಿತ್ರ ಎರಡು ಗಂಟೆಗೆ ಸಮೀಪದ್ದು, ರೀಮೇಕ್ ಒಂದೂವರೆ ಗಂಟೆಯದು. ಸಾರ್ಡೀನಿಯಾದ ಕಡಲತಡಿಯನ್ನು ರಿಚಿಯವರೂ ಹುಡುಕಿಕೊಂಡು ಹೋದರು. ಮೂಲದ ನಾಯಕ ಜಿಯಾನ್‌ಕಾರ್ಲೊ ಜಿಯಾನ್ನೀನಿಯ ಮಗ ಆದ್ರಿಯಾನೋನನ್ನೇ ಖಲಾಸಿಯ ಪಾತ್ರಕ್ಕೆ ಕರೆತಂದರು. ಮರಳು, ನೀರು, ರಕ್ತಸಂಬಂಧ ಎಲ್ಲವೂ ಬಂದವು. ಆದರೆ ನಾಯಕಿ ಅಮೆರಿಕದ ಉದ್ಯಮಿಯ ಹೆಂಡತಿಯಾದಳು, ಒಂದೇ ದೇಶದ ಇಬ್ಬರ ನಡುವಿನ ಹಳೆಯ ಜಗಳವು ವಿದೇಶೀ ಪ್ರವಾಸಿಯ ದುರಹಂಕಾರವಾಗಿ ಸಣ್ಣದಾಯಿತು. ಇಟಾಲಿಯನ್ನಿನಲ್ಲಿ ನಮ್ಮಂತೆಯೇ ನೀನು, ನೀವು ಎಂಬ ಭೇದವಿದೆ, ಇಂಗ್ಲಿಷಿನಲ್ಲಿಲ್ಲ. ಒಡೆತನ ಕೈಬದಲಾಗುವ ಕಥೆಗೆ ಇದು ಚಿಕ್ಕ ನಷ್ಟವಲ್ಲ.

ಇನ್ನು ಆ ಕೊನೆಯ ಪುಟಗಳು. ಮೂಲದಲ್ಲಿ ದೂರದಲ್ಲೊಂದು ಹಡಗು ಕಾಣಿಸಿದಾಗ, ಕರೆಯುವುದು ಬೇಡ, ಇಲ್ಲೇ ಇದ್ದುಬಿಡೋಣ ಎನ್ನುವವಳು ರಫಾಯೆಲ್ಲಾ. ಸನ್ನೆ ಮಾಡುವವನು ಜೆನ್ನರೀನೋ. ಊರಿನ ನಡುವೆಯೂ ಈ ಪ್ರೀತಿ ನಿಲ್ಲುತ್ತದೆಯೇ ಎಂದು ಅವನಿಗೆ ತಿಳಿಯಬೇಕಾಗಿದೆ. ದಡ ಸೇರಿದ ಮೇಲೆ ಅವನು ಅವಳನ್ನು ಕರೆಯುತ್ತಾನೆ, ದ್ವೀಪಕ್ಕೆ ಮರಳೋಣವೆನ್ನುತ್ತಾನೆ. ಆ ಕರೆ ಅವಳಿಗೆ ತಲುಪುತ್ತದೆ. ತಲುಪಿದ ಮೇಲೂ ಅವಳು ಗಂಡನೊಂದಿಗೆ ಹೆಲಿಕಾಪ್ಟರ್ ಹತ್ತಿ ಹೊರಟುಹೋಗುತ್ತಾಳೆ. ಅಳುತ್ತಲೇ ಹೋಗುತ್ತಾಳೆ, ಆದರೆ ತಾನೇ ನಿರ್ಧರಿಸಿ ಹೋಗುತ್ತಾಳೆ. 2002ರ ಚಿತ್ರದಲ್ಲಿ ಅವನು ಬರೆದ ಕಾಗದ ಅವಳ ಗಂಡನ ಕೈಗೆ ಸಿಕ್ಕಿಬಿಡುತ್ತದೆ. ತನ್ನನ್ನು ಅವನು ಮರೆತನೆಂದು ಅವಳೂ, ಕೈಬಿಟ್ಟಳೆಂದು ಅವನೂ ತಿಳಿದು ಅಗಲುತ್ತಾರೆ. ಈ ಒಂದು ಬದಲಾವಣೆಯ ನಂತರ ಚಿತ್ರದಲ್ಲಿ ವರ್ಗದ ಪ್ರಶ್ನೆ ಉಳಿಯುವುದೇ ಇಲ್ಲ. ಅಂಚೆಯೊಂದು ಸರಿಯಾಗಿದ್ದರೆ ಸಿರಿವಂತೆಯೂ ಖಲಾಸಿಯೂ ಸುಖವಾಗಿರುತ್ತಿದ್ದರು ಎಂದಂತಾಯಿತು; ತಪ್ಪೆಲ್ಲ ಒಬ್ಬ ಕುಟಿಲ ಗಂಡನ ಲೆಕ್ಕಕ್ಕೆ ಬಿತ್ತು. ವರ್ಟ್‌ಮುಲ್ಲರ್ ಹೇಳಿದ್ದು, ಯಾವ ಖಳನಾಯಕನೂ ಅಡ್ಡಬರದಿದ್ದರೂ ಇದು ಆಗುವುದಿಲ್ಲವೆಂದು. ತಮ್ಮ ನಾಯಕಿಯನ್ನು ಪ್ರೇಕ್ಷಕರು ದ್ವೇಷಿಸಬಾರದೆಂಬ ಕಾಳಜಿಯಿಂದ ಈ ತಿದ್ದುಪಡಿ ನಡೆದಿರಬಹುದೆಂದು ನನ್ನ ಊಹೆ. ಕೈಹಿಡಿದವಳ ಮೇಲಿನ ಮಮತೆ ನಿರ್ದೇಶಕನಿಗೆ ಎಂದೂ ಒಳ್ಳೆಯ ಸಲಹೆಗಾರನಲ್ಲ.

ವರ್ಟ್‌ಮುಲ್ಲರ್ ಅವರದೂ ಪೂರ್ತಿ ಹೊಸ ಕಥೆಯಲ್ಲವೆಂದು ನೀವು ಬರೆದಿರುವುದು ನಿಜ. ಜೆ. ಎಂ. ಬ್ಯಾರಿಯವರ 1902ರ ನಾಟಕ 'ದಿ ಅಡ್ಮಿರಬಲ್ ಕ್ರೈಟನ್'ನಲ್ಲಿ ಶ್ರೀಮಂತ ಮನೆತನವೊಂದು ಹಡಗೊಡೆದು ದ್ವೀಪ ಸೇರಿ, ಮನೆಯ ಬಟ್ಲರ್ ಅಲ್ಲಿ ಯಜಮಾನನಾಗುತ್ತಾನೆ, ಧಣಿಯ ಮಗಳೇ ಅವನನ್ನು ಮದುವೆಯಾಗಲು ಸಿದ್ಧಳಾಗುತ್ತಾಳೆ. ಅಲ್ಲಿಯೂ ಹಡಗಿಗೆ ಬೆಳಕಿನ ಸನ್ನೆ ಮಾಡುವವನು ಆ ಬಟ್ಲರೇ. ಆದರೆ ಅವನು ಹಾಗೆ ಮಾಡುವುದು ಕರ್ತವ್ಯವೆಂದು. ಜೆನ್ನರೀನೋ ಮಾಡುವುದು ಪ್ರೇಮದ ಪರೀಕ್ಷೆಗೆಂದು. ಅದೇ ಬೆಂಕಿ, ಬೇರೆ ಕಾರಣ. ಹಳೆಯ ಕಥೆಯನ್ನು ಹೀಗೆ ತಿರುಗಿಸಿಕೊಳ್ಳಲು ಬರುವವರು ಮರುನಿರ್ಮಾಣಕ್ಕೆ ಕೈಹಾಕಿದರೆ ನನಗೆ ಸಂತೋಷವೇ.

ನಿಮ್ಮ ಎರಡನೆಯ ಆಕ್ಷೇಪಕ್ಕೆ ಪೂರ್ಣ ಸಮಾಧಾನ ನನ್ನಲ್ಲಿಲ್ಲ. ಜೆನ್ನರೀನೋ ಅವಳನ್ನು ಅಟ್ಟಾಡಿಸಿ ಹೊಡೆಯುವ ದೃಶ್ಯದಲ್ಲಿ ಒಂದೊಂದು ಏಟಿಗೂ ಒಂದೊಂದು ಲೆಕ್ಕ ಹೇಳುತ್ತಾನೆ: ಧನಿಕರು ತಪ್ಪಿಸಿದ ತೆರಿಗೆಗೊಂದು, ಏರಿದ ಮಾಂಸದ ಬೆಲೆಗೊಂದು, ಆಸ್ಪತ್ರೆಗಳ ದುಃಸ್ಥಿತಿಗೊಂದು. ಅವಳು ಹೆಣ್ಣಾಗಿ ಅಲ್ಲ, ಒಂದು ವರ್ಗದ ಪ್ರತಿನಿಧಿಯಾಗಿ ಹೊಡೆತ ತಿನ್ನುತ್ತಾಳೆಂದು ಸಮರ್ಥಕರು ವಾದಿಸುತ್ತಾರೆ. ಆದರೆ ಏಟು ಬೀಳುವುದು ವರ್ಗದ ಕೆನ್ನೆಗಲ್ಲ. ಅಮೆರಿಕದ ಸ್ತ್ರೀವಾದಿಗಳು ಬಿಡುಗಡೆಯ ಕಾಲದಲ್ಲೇ ಇದನ್ನು ಕಟುವಾಗಿ ಖಂಡಿಸಿದರು. ಚಿತ್ರದ ಪರವಾಗಿ ನಾನು ಹೇಳಬಹುದಾದದ್ದು ಇಷ್ಟೇ: ಸಮಾನತೆಯ ಮಾತಾಡುವವನು ಅಧಿಕಾರ ಸಿಕ್ಕ ಕೂಡಲೇ ತನ್ನ ಧಣಿಗಳಿಂದ ಕಲಿತ ಒಡೆತನವನ್ನೇ ನಡೆಸುತ್ತಾನೆ, ಅದರ ಹೊರತು ಬೇರೆ ಒಡೆತನ ಅವನು ಕಂಡಿಲ್ಲ ಎಂಬುದನ್ನು ಅದು ತೋರಿಸುತ್ತದೆ. ಹಾಗೆ ತೋರಿಸುತ್ತಲೇ ಅದನ್ನು ಆಸ್ವಾದಿಸುತ್ತದೆ ಎಂಬುದೂ ಸುಳ್ಳಲ್ಲ. ನಿರ್ದೇಶಕಿ ಹೆಂಗಸೆಂಬುದು ಇದಕ್ಕೆ ವಿನಾಯಿತಿಯಾಗದು. ಅತ್ಯುತ್ತಮ ನಿರ್ದೇಶನದ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಮಹಿಳೆ ಆಕೆ ಎಂಬುದಂತೂ ಆಗದು. 'ಮೇರುಕೃತಿ' ಎಂಬ ಪದವನ್ನು ಹಿಂತೆಗೆದುಕೊಳ್ಳುವುದಿಲ್ಲ, ಅದರ ಪಕ್ಕದಲ್ಲಿ ಈ ಮಾತುಗಳೂ ಇರಬೇಕಿತ್ತೆಂದು ಒಪ್ಪುತ್ತೇನೆ.

ಕನ್ನಡದ ಮಾತಿಗೆ ಬಂದರೆ, ನನ್ನ ಅಂಜಿಕೆ ಬೇರೆಯೇ. ಸೊಕ್ಕಿನ ಸಿರಿವಂತೆಯನ್ನು ಬಡ ನಾಯಕ ಪಳಗಿಸುವುದು ನಮ್ಮ ಚಿತ್ರರಂಗಕ್ಕೆ ಬಾಯಿಪಾಠವಾದ ಕಥೆ. ಅಷ್ಟನ್ನು ಇಟಲಿಯಿಂದ ತರಿಸಬೇಕಾಗಿಲ್ಲ. ನಮ್ಮಲ್ಲಿ ಇಲ್ಲದಿರುವುದು ಆ ಹೆಲಿಕಾಪ್ಟರ್. ಕೊನೆಯಲ್ಲಿ ಅವಳು ಅವನ ಕಾಲಿಗೆ ಬೀಳದೆ ಹೊರಟುಹೋಗುವ ಚಿತ್ರಕ್ಕೆ ಹಣ ಹೂಡುವವರು ಸಿಕ್ಕರೆ ಆಗ ಮಾತಾಡೋಣ. ಹಾಗೆ ಮಾಡುವವರು ಇಟಲಿಯ ವರ್ಗವನ್ನು ಇಲ್ಲಿನ ವರ್ಗಕ್ಕೆ ಹೊಲಿದುಬಿಟ್ಟರೆ ಸಾಲದು. ನಿರ್ಜನ ದ್ವೀಪದಲ್ಲಿ ಯಾರು ಅಟ್ಟದ್ದನ್ನು ಯಾರು ಉಂಡರು ಎಂಬ ಪ್ರಶ್ನೆ ನಮ್ಮಲ್ಲಿ ಜಾತಿಯ ಪ್ರಶ್ನೆಯೂ ಹೌದು. ಇಂದಿನ ಮಲ್ಪೆ, ಮಂಗಳೂರುಗಳ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದಿಂದ ಬಂದ ಕೆಲಸಗಾರರು ಬಹಳ. ಬೋಟಿನ ಮಾಲೀಕರ ಮನೆಯ ಹೆಣ್ಣುಮಗಳು ಕನ್ನಡವೂ ತುಳುವೂ ಬಾರದ ಒಡಿಯಾ ಹುಡುಗನೊಂದಿಗೆ ಸಿಕ್ಕಿಬಿದ್ದರೆ, ಊಟಕ್ಕಾಗಿ ಅವನ ಭಾಷೆಯ ನಾಲ್ಕು ಪದ ಕಲಿಯಬೇಕಾಗಿ ಬಂದರೆ ಏನಾದೀತು ಎಂದು ನಾನು ಆಗಾಗ ಯೋಚಿಸುತ್ತೇನೆ. ನೇತ್ರಾಣಿ ಮಾತ್ರ ಬೇಡ. ಅದು ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿದೆ, ಋತುವಿನಲ್ಲಿ ಸ್ಕೂಬಾ ಡೈವಿಂಗ್‌ನವರ ದೋಣಿಗಳು ಅಲ್ಲಿಗೆ ಬರುತ್ತಲೇ ಇರುತ್ತವೆ. ಪ್ರೇಮ ಬಲಿಯುವ ಮೊದಲೇ ಯಾರಾದರೂ ಬಂದು ಇಬ್ಬರನ್ನೂ ಕರೆದುಕೊಂಡು ಹೋದಾರು.

ಎರಡರಲ್ಲಿ ಯಾವುದನ್ನು ಮೊದಲು ನೋಡಬೇಕೆಂದು ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ರೀಮೇಕನ್ನೇ ಮೊದಲು ನೋಡಿ. ಮರುದಿನ ಮೂಲಚಿತ್ರ ನೋಡುವಾಗ, ಜೆನ್ನರೀನೋನ ಕರೆಯನ್ನು ಕೇಳಿಸಿಕೊಳ್ಳುವ ರಫಾಯೆಲ್ಲಾಳ ಮುಖವನ್ನು, ಅಂದರೆ ಮರಿಯಾಂಜೆಲಾ ಮೆಲಾಟೊ ಅವರ ಅಭಿನಯವನ್ನು, ಗಮನವಿಟ್ಟು ನೋಡಿ.

ಇಂತಿ ವಿಶ್ವಾಸಿ,
ಸಂಪಾದಕ