ರಿಡಿಮ್ ಒಂದು, ಹಾಡು ಹತ್ತಾರು

ಪ್ರಶ್ನೆ: ಜಮೈಕಾದ ಡಾನ್ಸ್‌ಹಾಲ್ ಹಾಡುಗಳಲ್ಲಿ ಗಾಯಕರು ಬೇರೆ ಬೇರೆ, ಹಿಮ್ಮೇಳ ಮಾತ್ರ ಒಂದೇ. ಇದು ನಕಲಲ್ಲವೇ?
– ಓದುಗರು, ಕುಮಟಾ

ಉತ್ತರ: ನಕಲಲ್ಲ, ಅಲ್ಲಿಯ ಪದ್ಧತಿಯೇ ಅದು. ಯಕ್ಷಗಾನದಲ್ಲಿ ಒಂದೇ ಮಟ್ಟಿಗೆ ಬೇರೆ ಬೇರೆ ಪ್ರಸಂಗದ ಪದ್ಯಗಳು ಕೂರುತ್ತವಲ್ಲ? ಅಲ್ಲಿ ಹಂಚಿಕೊಳ್ಳುವುದು ಧಾಟಿಯನ್ನು. ಡಾನ್ಸ್‌ಹಾಲಿನಲ್ಲಿ ಧಾಟಿ ಗಾಯಕನದೇ; ಡ್ರಮ್ ಮತ್ತು ಬೇಸ್ ಇರುವ ಹಿಮ್ಮೇಳ ಎಲ್ಲರದು. ಆ ಹಿಮ್ಮೇಳವೇ ರಿಡಿಮ್. ಅದಕ್ಕೆ ಸ್ವಂತ ಹೆಸರೂ ಇರುತ್ತದೆ.

1985ರ 'ಸ್ಲೆಂಗ್ ಟೆಂಗ್' ಕೇಳಿ. ಕ್ಯಾಸಿಯೊ ಎಂಟಿ-40 ಕೀಬೋರ್ಡಿನಲ್ಲಿ ಮೊದಲೇ ತುಂಬಿದ್ದ ರಾಕ್ ತಾಳವನ್ನು ನಿಧಾನಗೊಳಿಸಿ ಮಾಡಿದ್ದು. ಹಾಡಿದವರು ವೇಯ್ನ್ ಸ್ಮಿತ್, ನಿರ್ಮಾಪಕರು ಪ್ರಿನ್ಸ್ ಜಾಮಿ. ಆ ತಾಳವನ್ನು ಕ್ಯಾಸಿಯೊಗಾಗಿ ರೂಪಿಸಿದ್ದು ಜಪಾನಿನ ಹಿರೊಕೊ ಒಕುಡಾ. ಜಮೈಕಾದ ಸಂಗೀತ ಡಿಜಿಟಲ್ ಕಡೆಗೆ ಹೊರಳಲು ಇದೇ ದೊಡ್ಡ ತಿರುವು. 'ದೀವಾಲಿ' ಎಂಬ ರಿಡಿಮ್ ಕೂಡ ಇದೆ. ಸ್ಟೀವನ್ 'ಲೆಂಕಿ' ಮಾರ್ಸ್‌ಡನ್ ಅವರದು, ಚಪ್ಪಾಳೆಯೇ ಅದರ ಜೀವ. ಶಾನ್ ಪಾಲ್ ಅವರ 'ಗೆಟ್ ಬಿಜಿ', ವೇಯ್ನ್ ವಂಡರ್ ಅವರ 'ನೋ ಲೆಟಿಂಗ್ ಗೋ' ಎರಡೂ ಅದರ ಮೇಲೆಯೇ ನಿಂತಿವೆ. ಒಂದರ ಬೆನ್ನಿಗೆ ಇನ್ನೊಂದು ಹಾಕಿ ಕೇಳಿದರೆ ಎಲ್ಲ ತಿಳಿಯುತ್ತದೆ.

ದೊಡ್ಡ ಸ್ಪೀಕರ್‌ಗಳನ್ನಿಟ್ಟು ಕುಣಿತಕ್ಕೆ ಹಾಡು ಹಾಕುವ ಅಲ್ಲಿಯ ತಂಡಕ್ಕೆ ಸೌಂಡ್ ಸಿಸ್ಟಮ್ ಎನ್ನುತ್ತಾರೆ. ಅದರಲ್ಲಿ ಹಾಡು ಆರಿಸುವವನು ಸೆಲೆಕ್ಟರ್. ಮೈಕ್ ಹಿಡಿದು ಪದ ಕಟ್ಟುವವನು ಡೀಜೆ, ನಮ್ಮಲ್ಲಿ ಹಾಡು ಹಾಕುವವನಿಗೆ ಹೇಳುವ ಡಿಜೆ ಅಲ್ಲ. ಒಂದೇ ರಿಡಿಮ್‌ನ ಹಾಡುಗಳನ್ನು ಸಾಲಾಗಿ ಹಾಕುವುದಕ್ಕೆ ಜಗ್ಲಿಂಗ್ ಎನ್ನುತ್ತಾರೆ. ಹಿಂದೆ ರೆಕಾರ್ಡಿನ ಮಗ್ಗುಲು ಬದಲಿಸಿದರೆ ಹಾಡಿಲ್ಲದ 'ವರ್ಶನ್' ಇರುತ್ತಿತ್ತು. ಡೀಜೆಗಳ ಕಲೆ ಬೆಳೆದದ್ದು ಅದರ ಮೇಲೆ.

ಪ್ರಶ್ನೆ: ಚೌತಿಯ ಸ್ಟೇಜಿನಲ್ಲಿ ಇಂಥ ಹಾಡು ಹಾಕಿದರೆ ಕೆಲವು ಕಡೆ ಬೇಸ್ ಮಾಯ, ಕೆಲವು ಕಡೆ ಬರೀ ಗುಂಯ್‌ಗುಡುತ್ತದೆ. ಏನು ಮಾಡಲಿ?
– ಓದುಗರು, ಕಾರವಾರ

ಉತ್ತರ: ಬೇಸ್ ಬಾಕ್ಸ್‌ಗಳನ್ನು ಸ್ಟೇಜಿನ ಎರಡು ಬದಿಗೆ ಇಟ್ಟಿರಬೇಕು. 50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್. ಕೇಳುಗ ನಿಂತ ಜಾಗದಿಂದ ಎರಡು ಬಾಕ್ಸ್‌ಗಳ ದೂರದಲ್ಲಿ ಮೂರೂವರೆ ಮೀಟರ್ ವ್ಯತ್ಯಾಸ ಬಂದರೆ ಆ ಸ್ವರ ಪರಸ್ಪರ ಕೊಂದುಕೊಳ್ಳುತ್ತದೆ. ಎಲ್ಲ ಬಾಕ್ಸ್‌ಗಳನ್ನೂ ಒಂದೇ ಕಡೆ ಒತ್ತೊತ್ತಾಗಿ ಪೇರಿಸಿ. ಆಮೇಲೆ ವೈರು ನೋಡಿ: ಆಂಪ್ಲಿಫೈಯರ್ ಆಫ್ ಮಾಡಿ ಒಂದು ಬಾಕ್ಸಿನ ಪ್ಲಸ್-ಮೈನಸ್ ಅದಲುಬದಲು ಮಾಡಿ, ಮತ್ತೆ ಹಾಕಿ. ಬೇಸ್ ಜೋರಾದರೆ ಮೊದಲಿನದು ತಪ್ಪು. ಕಮ್ಮಿಯಾದರೆ ಹಿಂದಿನಂತೆಯೇ ಜೋಡಿಸಿ.

ಗುಂಯ್‌ಗುಡುವುದಕ್ಕೆ ಕ್ರಾಸ್‌ಓವರ್ (ಬೇಸ್ ಬಾಕ್ಸಿಗೂ ಉಳಿದ ಸ್ಪೀಕರಿಗೂ ಸ್ವರ ಹಂಚುವ ಗಡಿ) 90 ಹರ್ಟ್ಸ್ ಆಸುಪಾಸಿನಲ್ಲಿಡಿ, 35ಕ್ಕಿಂತ ಕೆಳಗಿನದನ್ನು ಕತ್ತರಿಸಿ. ರಂಧ್ರವಿರುವ ಬಾಕ್ಸಿನಲ್ಲಿ ಅದರ ಟ್ಯೂನಿಂಗಿಗಿಂತ (ರಂಧ್ರ ಹೊಂದಿಸಿದ ಸ್ವರಕ್ಕಿಂತ) ತೀರ ಕೆಳಗಿನ ಸ್ವರ ಬಂದರೆ ಸ್ಪೀಕರಿನ ಕೋನ್ ಹಿಡಿತವಿಲ್ಲದೆ ಹೊಡೆದುಕೊಳ್ಳುತ್ತದೆ, ಸದ್ದು ಮಾತ್ರ ಹೆಚ್ಚುವುದಿಲ್ಲ. ಮಿಕ್ಸರಿನ ಕೆಂಪು ದೀಪ ಹತ್ತಲೇಬಾರದು. ಸ್ಪೀಕರಿನೊಳಗಿನ ತಂತಿಸುರುಳಿ, ಅಂದರೆ ಕಾಯಿಲ್, ಸುಟ್ಟರೆ ಹಬ್ಬವೆಲ್ಲ ಮೌನ. ಕಡಲ ಗಾಳಿಯ ಉಪ್ಪಿಗೆ ಕನೆಕ್ಟರ್ ಹಸಿರುಗಟ್ಟಿದೆಯೇ ಎಂದೂ ನೋಡಿ.

ಜಗ್ಲಿಂಗ್ ಮಾಡುವಾಗ ವೇಗವನ್ನು ಶೇ. 3ಕ್ಕಿಂತ ಹೆಚ್ಚು ಎಳೆಯಬೇಡಿ, ದನಿ ಕೆಡುತ್ತದೆ. ಎರಡು ಹಾಡಿನ ಬೇಸ್ ಒಟ್ಟಿಗೆ ತೆರೆದಿಡಬೇಡಿ. ಹೊಸದನ್ನು ತೆರೆಯುವ ಹೊತ್ತಿಗೆ ಹಳೆಯದನ್ನು ಇಳಿಸಿ. ಮೈಕಿನಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಹಾಡಿಲ್ಲದ ವರ್ಶನ್ ಹಾಕಿ.